ಕ್ಯಾಮೆರಾಮನ್ ಮಾವನ ಜೊತೆ

ನಮ್ಮ ಸೋದರಮಾವನ ಕ್ಯಾಮೆರಾ ಮುಂದೆ ನಿಂತರೆ ಧರಣಿ ಕೂತವರೂ ಬೀಗರಾಗಿಬಿಡುತ್ತಾರೆ! ಉತ್ಪ್ರೇಕ್ಷೆ ಅಂದುಕೊಂಡಿರಾ? ತುಮಕೂರಿನ ಸದಾಶಿವನಗರದ ಹೆಂಗಸರನ್ನು ಕೇಳಿ ನೋಡಿ. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಮಾವನ ಪರಿಚಯ ಆಗಲಿ.

ಮಾವನದು ಗುಬ್ಬಿಯಲ್ಲಿ ಒಂದು ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ ತೆಗೆಯುವುದು ನೆಪಕ್ಕೆ, ಅಸಲು ಕಸುಬು ಮದುವೆ ವಿಡಿಯೋ. ಗುಬ್ಬಿ ಸುತ್ತಮುತ್ತ ಇಪ್ಪತ್ತೈದು ವರ್ಷಗಳಿಂದ ಎಷ್ಟು ಜನ ಇವರ ಲೈಟಿನ ಎದುರು ಕಣ್ಣು ಕಿರಿದು ಮಾಡಿಕೊಂಡು ತಾಳಿ ಕಟ್ಟಿದ್ದಾರೋ ಲೆಕ್ಕವಿಲ್ಲ. ಅವರ ಕೈ ಅಂದರೆ ಕೈ! ಹಿಂದಿನಿಂದ ಯಾರಾದರೂ ತಳ್ಳಲಿ, ಪಂಕ್ತಿಯಲ್ಲಿ ಕಾಲ ಮೇಲೆ ಸಾಂಬಾರು ಚೆಲ್ಲಲಿ, ಚಿತ್ರ ಮಾತ್ರ ಅಲುಗುವುದಿಲ್ಲ. ಅಲುಗುವುದು ಒಂದೇ ಕಡೆ. ಹುಡುಗಿಯನ್ನು ಗಂಡಿನ ಮನೆಯವರಿಗೆ ಒಪ್ಪಿಸುವ ಶಾಸ್ತ್ರ ಇದೆಯಲ್ಲ, ಅಲ್ಲಿ ಹೆಣ್ಣಿನ ತಾಯಿಗಿಂತ ಮೊದಲು ಮಾವ ಅಳಲು ಶುರುಮಾಡುತ್ತಾರೆ. ಹೆಣ್ಣಿನ ಅಪ್ಪನೇ ಬಂದು ಇವರಿಗೆ ನೀರು ಕುಡಿಸಬೇಕು! ಗುಬ್ಬಿ ತಾಲ್ಲೂಕಿನ ಯಾವ ಮದುವೆಯ ಸಿ.ಡಿ. ಬೇಕಾದರೂ ಹಾಕಿ ನೋಡಿ, ಆ ಜಾಗದಲ್ಲಿ ಮಂಟಪ, ಬೀಗರು, ಬಾಳೆಕಂದು ಎಲ್ಲ ಗಡಗಡ ಅಲ್ಲಾಡುತ್ತವೆ.

"ಏನ್ ಮಾವ ಇದು?" ಅಂದರೆ "ಗಾಳಿ ಕಣಮ್ಮ" ಅನ್ನುತ್ತಾರೆ.

ಬಾಗಿಲು ಹಾಕಿದ ಕಲ್ಯಾಣ ಮಂಟಪದೊಳಗೆ ಎಲ್ಲಿಂದ ಬಂತು ಗಾಳಿ?

ಇನ್ನು ಆ ಕ್ಯಾಮೆರಾ. ಕುಂಕುಮ ಇಟ್ಟು, ಹಿಡಿಗೆ ಅರಿಶಿನದ ದಾರ ಕಟ್ಟಿದ ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಅತ್ತೆ ಒಮ್ಮೆ ಧೂಳು ಒರೆಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರಂತೆ!

ಇಂಥ ಮಾವ ಟಿವಿ ನ್ಯೂಸಿಗೆ ಬಂದದ್ದು ನನ್ನಿಂದ. ನಾನು ಪತ್ರಿಕೋದ್ಯಮ ಓದಿ ಮುಗಿಸಿದ ವರ್ಷವೇ ಲಾಕ್‌ಡೌನ್ ಬರಬೇಕೆ! ಬೆಂಗಳೂರಿನ ಚಾನೆಲ್‌ಗಳಿಗೆ ಫೋನ್ ಮಾಡಿದರೆ "ಇರೋರ್ನೇ ಮನೆಗೆ ಕಳಿಸ್ತಿದೀವಮ್ಮ" ಅನ್ನುತ್ತಿದ್ದರು. ಅಪ್ಪನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ಮರಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ದಿನಕ್ಕೆರಡು ಸಲ "ಬಿ.ಎಡ್. ಮಾಡೇ, ಟೀಚರ್ ಆಗೇ" ಅನ್ನುತ್ತಿದ್ದಳು. ನಾನೋ, ಲಟ್ಟಣಿಗೆಯನ್ನು ಮೈಕಿನಂತೆ ಹಿಡಿದು ಕನ್ನಡಿ ಮುಂದೆ "ನೇರಪ್ರಸಾರದಲ್ಲಿ ನಾನು" ಅಂತ ಶುರುಮಾಡಿ, ಚಪಾತಿಗೆ ಲಟ್ಟಣಿಗೆ ಬೇಕಾದಾಗ ನಿಲ್ಲಿಸುತ್ತಿದ್ದೆ.

ಕೊನೆಗೆ ತುಮಕೂರಿನಲ್ಲೇ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಕೇಬಲ್ ಚಾನೆಲ್‌ನಿಂದ ಕರೆ ಬಂತು. ಮಾಲೀಕರೂ ಅವರೇ, ಸಂಪಾದಕರೂ ಅವರೇ, ಕರೆಂಟ್ ಹೋದರೆ ಜನರೇಟರ್ ಹಾಕುವವರೂ ಅವರೇ. ನನ್ನ ಅಂಕಪಟ್ಟಿಯನ್ನು ತಿರುಗಿಸಿಯೂ ನೋಡಲಿಲ್ಲ.

"ನಮ್ ಕ್ಯಾಮೆರಾಮನ್ ಕ್ಯಾಮೆರಾ ಸಮೇತ ಊರಿಗೆ ಹೋಗಿ ಹಸು ಕಟ್ಕೊಂಡವ್ನೆ. ನಿಂಗೆ ಗೊತ್ತಿರೋರ ಹತ್ರ ಕ್ಯಾಮೆರಾ ಐತಾ? ಇದ್ರೆ ಕರ್ಕೊಂಡ್ ಬಾ, ಇಬ್ರಿಗೂ ಕೆಲಸ."

ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು! ಮಾವನಿಗೂ ಕೆಲಸವಿರಲಿಲ್ಲ ನೋಡಿ. ಮದುವೆಗಳು ಮನೆಯೊಳಗೇ ಮುಗಿಯುತ್ತಿದ್ದವು. ಬಂದ ಹತ್ತಿಪ್ಪತ್ತು ಜನವೂ ಮಾಸ್ಕ್ ಹಾಕಿಕೊಂಡು ನಿಂತರೆ ಯಾರ ಮುಖ ಹಿಡಿಯುವುದು? ಫೋನ್ ಮಾಡಿ ಕೇಳಿದೆ. ಮಾವ ಒಂದೇ ಪ್ರಶ್ನೆ ಹಾಕಿದರು.

"ನ್ಯೂಸಲ್ಲಿ ಊಟ ಇರ್ತದಾ ಪುಟ್ಟಿ?"

"ಇರಲ್ಲ ಮಾವ."

"ಆಗ್ಲಿ ಬುಡು, ಬುತ್ತಿ ತರ್ತೀನಿ."

ಮೊದಲ ಕೆಲಸವೇ ಸದಾಶಿವನಗರದ ಖಾಲಿ ಕೊಡಗಳ ಪ್ರತಿಭಟನೆ. ವಾರದಿಂದ ನೀರಿಲ್ಲ, ಹೆಂಗಸರು ಬೀದಿಗಿಳಿದಿದ್ದಾರೆ, ಮುಖಗಳು ಕೆಂಪಾಗಿವೆ. ನನ್ನ ಕೈಯಲ್ಲಿ ನಿಜವಾದ ಮೈಕು, ಎದೆಯಲ್ಲಿ ಡೊಳ್ಳು! ಅಷ್ಟರಲ್ಲಿ ಮಾವ ಮುಂದೆ ಹೋಗಿ ಕೈ ಎತ್ತಿದರು.

"ಉದ್ದ ಇರೋರು ಹಿಂದುಕ್ಕೆ ಬನ್ನಿ, ಗಿಡ್ಡ ಇರೋರು ಮುಂದುಕ್ಕೆ. ಅಕ್ಕ, ಕೊಡ ಸ್ವಲ್ಪ ಎದೆ ಮಟ್ಟಕ್ಕೆ. ಹಂಗೇ! ಎಲ್ರೂ ಇಲ್ ನೋಡಿ, ಸ್ವಲ್ಪ ನಗಿ!"

ನಕ್ಕೇಬಿಟ್ಟರು! ಸೆರಗು ಸರಿಮಾಡಿಕೊಂಡರು. ಒಬ್ಬಾಕೆ "ತಡೀರಿ, ನಮ್ಮತ್ತೆನೂ ಬರ್ತಾರೆ" ಅಂತ ಮನೆಯೊಳಗೆ ಓಡಿದಳು. ಎರಡು ನಿಮಿಷದಲ್ಲಿ ಅತ್ತೆ ಹೊಸ ಸೀರೆಯಲ್ಲಿ ಪ್ರತ್ಯಕ್ಷ. ಆಫೀಸಿನಲ್ಲಿ ಸಂಪಾದಕರು ಅದನ್ನು ನೋಡಿ ಕನ್ನಡಕ ತೆಗೆದರು.

"ಏನಮ್ಮ, ಇದು ನೀರಿಲ್ಲ ಅಂತ ಧರಣಿನೋ, ಮದುವೆ ಮನೆ ಗಂಗೆ ಪೂಜೆನೋ?"

ಅದಾದ ವಾರಕ್ಕೆ ಗುಬ್ಬಿ ಹತ್ತಿರ ಒಂದು ಕಟ್ಟಡದ ಉದ್ಘಾಟನೆ. ದೊಡ್ಡ ರಾಜಕಾರಣಿಯೊಬ್ಬರು ಟೇಪ್ ಕತ್ತರಿಸಿದರು, ಚಪ್ಪಾಳೆ ಬಿತ್ತು. ಮಾವ ಜನರ ನಡುವಿನಿಂದ ಕೂಗಿದರು: "ಸಾರ್, ಫೋಕಸ್ ಆಗಿಲ್ಲ, ಇನ್ನೊಂದ್ಸಲ!" ಪೊಲೀಸರು ತಿರುಗಿ ನೋಡಿದರು. ನಾನು ಭೂಮಿಯೊಳಗೆ ಇಳಿದುಹೋಗಲು ಜಾಗ ಹುಡುಕುತ್ತಿದ್ದೆ. ಆದರೆ ಆ ಮನುಷ್ಯರು ಪಾಪ, ಟೇಪನ್ನು ಗಂಟು ಹಾಕಿಸಿ ಮತ್ತೆ ಕತ್ತರಿಸಿದರು. "ಸೈಡಿಂದ ಒಂದು ಸಾರ್!" ಮೂರನೇ ಸಲವೂ ಕತ್ತರಿಸಿದರು!

"ಅಲ್ಲ ಮಾವ, ನಿಮಗೆ ಭಯ ಆಗಲ್ವಾ?" ಅಂತ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿದೆ.

"ತಾಳಿನೇ ಎರಡೆರಡು ಸಲ ಕಟ್ಸಿದೀನಿ ಕಣಮ್ಮ, ಟೇಪ್ ಯಾವ್ ದೊಡ್ ವಿಷ್ಯ?"

ಎಡಿಟಿಂಗ್ ಕೂಡ ಮಾವನದೇ. ಕೊಬ್ಬರಿ ಬೆಲೆ ಬಿದ್ದ ಸುದ್ದಿ ಮಾಡಿದ್ದೆವು. ರೈತರೊಬ್ಬರು ಕೋಪದಿಂದ ಮಾತಾಡುತ್ತಿದ್ದಾರೆ, ಪರದೆಯ ಮೇಲಿನಿಂದ ಗುಲಾಬಿ ದಳಗಳು ಒಂದೇ ಸಮನೆ ಉದುರುತ್ತಿವೆ! ಮಧ್ಯದಲ್ಲೊಮ್ಮೆ ಆ ರೈತರ ಮುಖ ಹೃದಯದ ಆಕಾರದೊಳಗೆ ಬಂದು ಹೋಯಿತು. ಸಂಪಾದಕರು ಕೂಗಾಡಿದರೆ ಮಾವ ಸಾವಧಾನವಾಗಿ "ಬೆಲೆ ಬಿತ್ತು ಅಂತ ತೋರಿಸ್ಬೇಕಲ್ವಾ ಸಾರ್? ನನ್ನತ್ರ ಬೀಳೋ ಐಟಂ ಇರೋದು ಇದೊಂದೇ" ಅಂದರು.

ಮಾವನ ಇನ್ನೊಂದು ನಿಯಮ, ಯಾರನ್ನೂ ಬಿಡಬಾರದು. ಮದುವೆ ವಿಡಿಯೋದಲ್ಲಿ ಒಬ್ಬರ ಮುಖ ತಪ್ಪಿದರೂ ಮುಂದಿನ ಹಬ್ಬಕ್ಕೆ ಅವರು ಆ ಮನೆಗೆ ಬರುವುದಿಲ್ಲವಂತೆ. ಹಾಗಾಗಿ ಸಭೆ ಇರಲಿ, ಮುಷ್ಕರ ಇರಲಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ಸವರಿಕೊಂಡು ಹೋಗುತ್ತಿದ್ದರು. ಸಂಪಾದಕರು ತಲೆ ಚಚ್ಚಿಕೊಂಡರು. ಆದರೆ ಏನಾಯಿತು ಗೊತ್ತೇ? ಮರಳೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಜನ ತಮ್ಮ ಮುಖ ಬರುತ್ತದೆಂದು ನಮ್ಮ ಚಾನೆಲ್ ಹಾಕಿಕೊಂಡು ಕೂರತೊಡಗಿದರು! ರಾಜಕಾರಣಿ ಮಾತಾಡುವಾಗ ಟೀ ಮಾಡಲು ಎದ್ದುಹೋಗಿ, ಮುಖಗಳು ಬರುವಾಗ ಓಡಿ ಬರುತ್ತಿದ್ದರು.

ನನ್ನ ಎಡವಟ್ಟೂ ಒಂದಿದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ವರದಿಯ ಕೊನೆಯಲ್ಲಿ 'ಕ್ಯಾಮೆರಾಮನ್ ಇಂಥವರ ಜೊತೆ ನಾನು ಇಂಥವಳು' ಅನ್ನಬೇಕು ತಾನೆ? ಮೊದಲ ಲೈವ್‌ನ ಉಮೇದಿನಲ್ಲಿ ನಾನು "ಕ್ಯಾಮೆರಾಮನ್ ಮಾವನ ಜೊತೆ" ಅಂದುಬಿಟ್ಟೆ! ಅಂದಿನಿಂದ ಮಾವ ಇಡೀ ಜಿಲ್ಲೆಗೆ ಮಾವ. ಬಂದೋಬಸ್ತಿಗೆ ನಿಂತ ಪೊಲೀಸರೂ "ಬನ್ನಿ ಮಾವ, ಈ ಕಡೆಯಿಂದ ತೆಗೀರಿ" ಅನ್ನತೊಡಗಿದರು. ಸಂಪಾದಕರೂ ಸೋತು, ಅದೇ ಇರಲಿ ಅಂದರು. ಮೈಕು ಹಿಡಿದು ಆ ಮಾತು ಹೇಳುವಾಗಲೆಲ್ಲ ನನಗೆ ಎಷ್ಟು ಖುಷಿಯಾಗುತ್ತಿತ್ತು ಅಂದರೆ, ಇಡೀ ತುಮಕೂರು ನನ್ನ ಮಾತಿಗಾಗಿ ಕಾಯುತ್ತಿದೆ ಅನ್ನಿಸುತ್ತಿತ್ತು.

ಎರಡನೇ ಲಾಕ್‌ಡೌನ್ ಬಂತು. ಅಂಗಡಿಗಳು ಮುಚ್ಚಿದವು, ಜಾಹೀರಾತು ನಿಂತಿತು. ಕೆಳಗಿನ ಬೇಕರಿಯವರೂ ಕೊಡುತ್ತಿದ್ದ ಒಂದೇ ಒಂದು ಜಾಹೀರಾತನ್ನು ನಿಲ್ಲಿಸಿದರು. ಅದೇ ದಿನಗಳಲ್ಲಿ ಮಾವನಿಗೆ ಇದ್ದಕ್ಕಿದ್ದಂತೆ ಭುಜ ನೋವು ಶುರುವಾಯಿತು.

"ಸ್ವಲ್ಪ ಹಿಡ್ಕೊ ಪುಟ್ಟಿ, ಭುಜ ಎಳೀತದೆ."

ಅತ್ತೆಯೂ ಮುಟ್ಟುವಂತಿಲ್ಲದ ಕ್ಯಾಮೆರಾ ನನ್ನ ಕೈಗೆ! ಬೆಳಕು ಎತ್ತ ಇರಬೇಕು, ತಲೆ ಮೇಲೆ ಎಷ್ಟು ಜಾಗ ಬಿಡಬೇಕು, ಸ್ಟ್ಯಾಂಡಿಗೆ ಹಾಕಿ ತಾನೇ ಮುಂದೆ ಬಂದು ನಿಲ್ಲುವುದು ಹೇಗೆ, ಎಲ್ಲ ಹೇಳಿಕೊಟ್ಟರು. "ಉಸಿರು ಹಿಡಿ ಕಣೇ, ನಿನ್ ಉಸಿರೆಲ್ಲ ಪಿಕ್ಚರ್‌ನಲ್ಲಿ ಬರ್ತಾ ಐತೆ" ಅಂತ ಬೈದರು. ನನಗೆ ಹೊಸ ಆಟಿಕೆ ಸಿಕ್ಕ ಸಂಭ್ರಮ.

ಲಾಕ್‌ಡೌನ್ ತೆಗೆದ ಮೇಲೆ ಒಂದು ಸಂಜೆ ಸಂಪಾದಕರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಬೇಕರಿಯಿಂದ ಪಫ್ಸ್ ತರಿಸಿದ್ದರು. ಆಗಲೇ ನನಗೆ ಅನುಮಾನ ಬಂತು.

"ಬರೋ ತಿಂಗಳಿಂದ ಒಬ್ರಿಗೆ ಮಾತ್ರ ಸಂಬಳ ಕೊಡೋಕಾಗೋದು. ಒಬ್ರನ್ನ ಇರು, ಒಬ್ರನ್ನ ಹೋಗು ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ. ಮನೆಯವರೇ ಇದೀರಿ, ನೀವೇ ಮಾತಾಡ್ಕೊಂಡ್ ಹೇಳಿ."

ನಾನು ಪಫ್ಸ್ ಮುಟ್ಟಲಿಲ್ಲ. ಮಾವ ತಮ್ಮದನ್ನೂ ನನ್ನದನ್ನೂ ತಿಂದರು.

ಮರುದಿನ ಬೆಳಿಗ್ಗೆ ಕುಣಿಗಲ್ ಕೆರೆ ಏರಿಯ ರಸ್ತೆ ಹಾಳಾದ ಸುದ್ದಿಗೆ ಹೊರಟೆವು. ಮಾವನೇ ಇರಲಿ, ಅತ್ತೆ ಇದ್ದಾರೆ, ಸಂಸಾರವಿದೆ ಅಂತ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಆದರೆ ಅಪ್ಪನ ಮೂರು ದಿನದ ಕೆಲಸ ನೆನಪಾಗುತ್ತಿತ್ತು. ಮೈಕು ಬಿಟ್ಟುಕೊಡುವುದನ್ನು ನೆನೆದರೆ ಅಭ್ಯಾಸ ಮಾಡಿದ ಮಾತೇ ಮರೆತುಹೋಗುತ್ತಿತ್ತು. ಅಷ್ಟರಲ್ಲಿ ಮಾವನೇ ಸ್ಕೂಟರ್ ಓಡಿಸುತ್ತಾ ಗಾಳಿಗೆ ಕೂಗಿದರು.

"ಪುಟ್ಟಿ, ಹೇಳೋದೇ ಮರ್ತಿದ್ದೆ! ಲಾಕ್‌ಡೌನಲ್ಲಿ ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದ್ಬಿಟ್ಟವೆ ಕಣಮ್ಮ. ನಾಳೆಯಿಂದ್ಲೇ ಸಾಲಾಗಿ ನಾಕು ಬುಕಿಂಗು. ಈ ನ್ಯೂಸು ಗೀಸು ನನ್ ಕೈಲಾಗಲ್ಲ, ಊಟನೂ ಹಾಕಲ್ಲ. ನೀನೇ ನೋಡ್ಕೊ."

"ನಿಜಾನಾ ಮಾವ?"

"ಇನ್ನೇನು ಸುಳ್ಳಾ? ಹೊಸಾ ಕ್ಯಾಮೆರಾ ಹೇಳಿದೀನಿ. ಈ ಹಳೇದನ್ನ ನೀನೇ ಇಟ್ಕೊ."

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಹಿಂದಿನ ಸೀಟಿನಲ್ಲಿ ಕೂತೇ ಅವರ ಬೆನ್ನಿಗೆ ಗುದ್ದಿದೆ. ಆ ದಿನ ಕೆರೆ ಏರಿಯ ಮೇಲೆ ನಾನು ಮಾತಾಡಿದ ಹಾಗೆ ಹಿಂದೆಂದೂ ಮಾತಾಡಿರಲಿಲ್ಲ. ಆಫೀಸಿಗೆ ಬಂದು ನೋಡಿದರೆ ಕೊನೆಯ ತುಣುಕು ಕೆಟ್ಟುಹೋಗಿತ್ತು. "ಏನ್ ಮಾವ, ಕೊನೇಲೆಲ್ಲಾ ಶೇಕ್ ಆಗಿದೆ!" ಅಂತ ರೇಗಿದೆ. "ಕೆರೆ ಮೇಲೆ ಗಾಳಿ ಕಣಮ್ಮ" ಅಂದರು. ಆ ತುಣುಕನ್ನು ಕತ್ತರಿಸಿ ಉಳಿದದ್ದನ್ನು ಹಾಕಿದೆವು.

ಎರಡು ವಾರ ನಾನು ಒಬ್ಬಳೇ ಜಿಲ್ಲೆ ಸುತ್ತಿದೆ. ಸ್ಟ್ಯಾಂಡಿಗೆ ಕ್ಯಾಮೆರಾ ಹಾಕು, ಓಡಿ ಬಂದು ಮುಂದೆ ನಿಲ್ಲು, ಮಾತಾಡು, ಓಡಿ ಹೋಗಿ ನಿಲ್ಲಿಸು! ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಅಮ್ಮನಿಗೆ ಹೇಳಿದೆ: "ಮಾವನಿಗೆ ಪುರುಸೊತ್ತೇ ಇಲ್ಲ ಅನ್ಸುತ್ತೆ ಕಣಮ್ಮ, ದಿನಾ ಮದುವೆ."

ಅಮ್ಮ ಚಟ್ನಿ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ಆಷಾಢದಲ್ಲಿ ಯಾರ್ ಮನೇಲೇ ಮದುವೆ?"

ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗೆ ಹಾಕಿದೆ. ಆಷಾಢ! ಹಿಂದಿನ ವಾರವಷ್ಟೇ ಆಷಾಢ ಶುಕ್ರವಾರದ ಪೂಜೆಯ ಸುದ್ದಿಯನ್ನು ನಾನೇ ಓದಿದ್ದೆ. ಊರಿಗೆಲ್ಲ ಸುದ್ದಿ ಹೇಳುವವಳಿಗೆ ಇದು ಹೊಳೆಯಲಿಲ್ಲವಲ್ಲ!

"ಭುಜ ನೋವು ಅಂತಿದ್ರಲ್ಲಮ್ಮ?"

"ಯಾವ ಭುಜ ನೋವೇ? ಹೋದ್ ತಿಂಗಳು ನಮ್ಮನೆ ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಮೆಟ್ಲು ಹತ್ಲಿಲ್ವಾ ಅವ್ನು?"

ಕೈ ತೊಳೆಯದೆ ಮಾವನಿಗೆ ಫೋನ್ ಮಾಡಿದೆ.

"ಎಲ್ಲಿದೀರಾ ಮಾವ?"

"ಮುಹೂರ್ತ ಕಣಮ್ಮ, ಮುಹೂರ್ತ! ಸಿಕ್ಕಾಪಟ್ಟೆ ಗಲಾಟೆ, ಆಮೇಲ್ ಮಾಡು."

ಅವರ ಹಿಂದೆ ಓಲಗವೂ ಇರಲಿಲ್ಲ, ಮಂತ್ರವೂ ಇರಲಿಲ್ಲ. ಒಂದು ಟಿವಿ ಓಡುತ್ತಿತ್ತು. ಅದರಲ್ಲಿ, ಹಿಂದಿನ ರಾತ್ರಿಯೇ ರೆಕಾರ್ಡ್ ಮಾಡಿಟ್ಟ ಬೆಳಗಿನ ಸುದ್ದಿಯನ್ನು ನಾನು ಓದುತ್ತಿದ್ದೆ. ಎಷ್ಟೊಂದು ಹೇಳಬೇಕೆಂದಿದ್ದೆ. "ಚೆನ್ನಾಗಿ ತೆಗೀರಿ ಮಾವ" ಅಂದು ಫೋನ್ ಇಟ್ಟೆ.

ಆಫೀಸಿಗೆ ಹೋದವಳೇ ಕುಣಿಗಲ್‌ನ ಆ ಕೆಟ್ಟುಹೋದ ತುಣುಕನ್ನು ಹುಡುಕಿ ಹಾಕಿದೆ. ಕೆರೆ ಏರಿಯ ಮೇಲೆ ನಿಂತಿದ್ದೇನೆ, ಬಾಯಿ ತುಂಬ ನಗು. "ಕ್ಯಾಮೆರಾಮನ್ ಮಾವನ ಜೊತೆ" ಅನ್ನುವವರೆಗೂ ಚಿತ್ರ ಬಂಡೆಯಂತೆ ನಿಂತಿದೆ. ಆ ಮಾತು ಬಂದದ್ದೇ ತಡ, ಅಲ್ಲಾಡಲು ಶುರು. ನಾನು, ಏರಿ, ಕೆರೆ, ಆಚೆಯ ಮರಗಳು ಎಲ್ಲ ಗಡಗಡ ಅಲ್ಲಾಡುತ್ತಿವೆ.

ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಕಿ ನೋಡಿದೆ. ಹಿಂದೆ ಕೆರೆಯಲ್ಲಿ ಒಂದು ಅಲೆ ಇಲ್ಲ. ನನ್ನ ದುಪಟ್ಟಾದ ಅಂಚು ಕೂಡ ಅಲುಗಿರಲಿಲ್ಲ.