ನಾನು ಏರಿಸಿದ ಇಗರ್ಜಿಯ ಗಂಟೆ

ಇಗರ್ಜಿ ಕಟ್ಟುವುದು ಬಹಳ ಸುಲಭದ ಕೆಲಸ. ಸಾಂತಾಕ್ರೂಜಿನ ನಮ್ಮ ಚಾಳಿನ ಖೋಲಿಯಲ್ಲಿ ಕುಳಿತು ಕಾಗದದ ಮೇಲೆ ಕಟ್ಟುವವರೆಗೂ ನನಗೆ ಹಾಗೆಯೇ ಅನಿಸಿತ್ತು. ನಾನು ಧಾರವಾಡದವನು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಫೋರ್ಟಿನ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವವನು. ಮೂರು ವರ್ಷ ಬರೆದದ್ದೆಲ್ಲ ಗೋದಾಮುಗಳ ಮೋರಿಗಳನ್ನೇ! ಹಾಗಾಗಿ ನಮ್ಮ ಟೈಪಿಸ್ಟ್, ಮಂಗಳೂರಿನ ಲಾರೆನ್ಸ್, "ನನ್ನ ಹೆಂಡತಿಯ ಊರಲ್ಲಿ ಹೊಸ ಇಗರ್ಜಿ ಕಟ್ಟುದಂತೆ, ನೀವೊಂದು ಪ್ಲಾನ್ ಹಾಕಿ ಕೊಡಿ ಮಾರಾಯ್ರೆ" ಎಂದಾಗ ಯೋಚನೆಗೆಂದು ಒಂದು ನಿಮಿಷವನ್ನೂ ವ್ಯರ್ಥ ಮಾಡಲಿಲ್ಲ.

"ನೀವು ಇಗರ್ಜಿ ಒಳಗ ಯಾವಾಗರೆ ಕಾಲಿಟ್ಟೀರೇನು?" ಎಂದಳು ಹೆಂಡತಿ ಸುಶೀಲಾ.

"ಅದರಾಗೇನದ? ಇಟ್ಟಂಗಿಗೆ ಜಾತಿ ಇರತದೇನು?"

"ಇಟ್ಟಂಗಿ ಮಾತಲ್ರೀ. ಕಟ್ಟಾವಗ ತಲಿ ಇರಬೇಕಾಗತದ."

ಗೋರೆಗಾಂವ್‌ನಲ್ಲಿ ಲೋಕಲ್ ಇಳಿದು, ಟಾಂಗಾ ಹಿಡಿದು, ಖಾಡಿಯ ಹಿನ್ನೀರನ್ನು ದೋಣಿಯಲ್ಲಿ ದಾಟಿದರೆ ಆ ಮೀನುಗಾರರ ಹಳ್ಳಿ. ಅಲ್ಲಿ ನನ್ನ ನಕ್ಷೆಯನ್ನು ಪರೀಕ್ಷಿಸಿದವರು ಪಾದ್ರಿಗಳಲ್ಲ, ಲಾರೆನ್ಸನ ಅತ್ತೆ ಮಾರ್ಥಾ ಮಾವಶಿ. ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸಿ, ಒದ್ದೆ ಬೆರಳನ್ನು ನಕ್ಷೆಯ ಬಾಗಿಲಿನ ಮೇಲೆ ಒತ್ತಿ, "ಇದು ಯಾವ ದಿಕ್ಕು?" ಎಂದು ಮರಾಠಿಯಲ್ಲಿ ಕೇಳಿದರು. ನಮ್ಮೂರ ಗುಡಿಗಳ ಅಭ್ಯಾಸದಲ್ಲಿ ನಾನು ಬಾಗಿಲನ್ನು ಪೂರ್ವಕ್ಕೆ ಇಟ್ಟಿದ್ದೆ. ಸಮುದ್ರವಿದ್ದದ್ದು ಪಶ್ಚಿಮಕ್ಕೆ!

"ದೋಣಿಯಲ್ಲಿರುವ ನಮ್ಮ ಮಕ್ಕಳಿಗೆ ಇಗರ್ಜಿ ಬೆನ್ನು ತೋರಿಸಬೇಕೇನೋ ಸಾಹೇಬಾ?"

ಇಗರ್ಜಿ ಕಾಗದದ ಮೇಲೆಯೇ ಹಿಂದುಮುಂದಾಯಿತು. ಪ್ರಾಯಶ್ಚಿತ್ತಕ್ಕೆಂದು, ಯಾರೂ ಕೇಳದಿದ್ದರೂ, ಗಂಟೆಗೋಪುರವನ್ನು ಹತ್ತು ಅಡಿ ಎತ್ತರಿಸಿದೆ. ದೂರದ ಕಡಲಿಗೂ ಕಾಣಲಿ ಎಂಬ ಸದುದ್ದೇಶ.

ಎರಡು ವರ್ಷ ಊರಿನವರೇ ಕಲ್ಲು ಹೊತ್ತು ಗೋಡೆ ಎಬ್ಬಿಸಿದರು. ಕೊನೆಗೆ ಉಳಿದದ್ದು ಆರು ಮಣದ ಕಂಚಿನ ಗಂಟೆ. ಮೇ ತಿಂಗಳು ಮುಗಿಯುತ್ತಿತ್ತು. ಗೋಪುರಕ್ಕೆ ಕಟ್ಟಿದ್ದ ಬಿದಿರಿನ ಅಟ್ಟಣೆ ಮಳೆಗಾಲದ ಗಾಳಿಗೆ ನಿಲ್ಲುವಂಥದ್ದಲ್ಲ. ಆ ಭಾನುವಾರ ಗಂಟೆ ಏರದಿದ್ದರೆ ದೀಪಾವಳಿಯವರೆಗೆ ಅದು ಮರಳಿನಲ್ಲೇ ಕೂರಬೇಕು. "ಇವತ್ತು ಏರಿಸಿಯೇ ತೀರುತ್ತೇನೆ" ಎಂದು ಪಾದ್ರಿಗಳಿಗೆ ಮಾತು ಕೊಟ್ಟೆ.

ಸ್ಲೈಡ್‌ರೂಲ್ ತೆಗೆದು ಹಗ್ಗದ ಬಲ, ಗೋಪುರದ ತುದಿಯ ತೊಲೆಗೆ ಕಟ್ಟಿದ ರಾಟೆಯ ಬಲ, ಹನ್ನೆರಡು ಗಂಡಾಳುಗಳ ಬಲ ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಕೈ ಬೀಸಿದೆ.

"ಹೈಯ್ಯಾ... ಹೋ!"

ಗಂಟೆ ಎರಡು ಅಡಿ ಏರಿತು. ಎಲ್ಲರೂ ಹಗ್ಗ ಬಿಟ್ಟು ಉಸಿರು ತೆಗೆದುಕೊಂಡರು. ಗಂಟೆ ಎರಡು ಅಡಿ ಇಳಿಯಿತು. ಹೀಗೆ ಹತ್ತು ಸಲ!

ಹಿಂದಿನ ವಾರವೆಲ್ಲ ಅವರು ಮಳೆಗಾಲಕ್ಕೆಂದು ದೋಣಿಗಳನ್ನು ದಂಡೆಗೆ ಎಳೆದಿದ್ದರು. ದೋಣಿ ಎಳೆಯುವ ಕ್ರಮವೇ ಅದು: ಕೂಗಿಗೆ ಎಳೆಯುವುದು, ಕೂಗು ನಿಂತರೆ ಕೈ ಬಿಡುವುದು. ದೋಣಿಯನ್ನು ಮರಳಿನಲ್ಲಿ ಎಲ್ಲಿ ಬಿಟ್ಟರೂ ಅಲ್ಲಿಯೇ ಇರುತ್ತದೆ. ಗಂಟೆಗೆ ಆ ಸೌಜನ್ಯವಿಲ್ಲ. ಕಣ್ಣಿದ್ದವರು ಯಾರಾದರೂ ಇದನ್ನು ಹೇಳಬಹುದಿತ್ತು. ಆದರೆ ನಾನು ಪದವೀಧರ! ಕೂಗನ್ನೇ ನಿಲ್ಲಿಸದಿದ್ದರೆ ಆಯಿತಲ್ಲ ಎಂದು ತೀರ್ಮಾನಿಸಿದೆ. ಕೂಗುವವನು ನಾನೇ. ಎಲ್ಲರಿಗೂ ಕೇಳಬೇಕಾದ್ದರಿಂದ, ಗೋಪುರದ ಮೇಲಿನಿಂದ.

"ಹತ್ತುದೆಂತಕ್ಕೆ ಮಾರಾಯ್ರೆ? ಕೆಳಗಿಂದಲೇ ಬೊಬ್ಬೆ ಹೊಡೀಬಹುದಲ್ಲ?" ಎಂದ ಲಾರೆನ್ಸ್.

"ಮ್ಯಾಲಿಂದ ನಿಗಾ ಇಡಬೇಕಾಗತದ."

"ನಿಮ್ಮ ಮೇಲೆ ನಿಗಾ ಇಡುದು ಯಾರು?"

ಹತ್ತಿದೆ. "ಹೈಯ್ಯಾಹೋ ಹೈಯ್ಯಾಹೋ ಹೈಯ್ಯಾಹೋ!" ಏನು ಹೇಳಲಿ, ಗಂಟೆ ಸರಸರನೆ ಏರಿತು! ಹತ್ತು ಅಡಿ, ಇಪ್ಪತ್ತು, ಮೂವತ್ತು. ನನ್ನ ಪಾದದ ಹತ್ತಿರ ಅದರ ತಲೆ ಕಂಡಿತು. ಅಷ್ಟರಲ್ಲಿ ಉಪ್ಪುಗಾಳಿ ಗಂಟಲಿಗೆ ಹೊಕ್ಕು ಕೆಮ್ಮು ಬಂತು. ಉಸಿರು ತೆಗೆದುಕೊಳ್ಳಲು ಒಂದೇ ಕ್ಷಣ ನಿಲ್ಲಿಸಿದೆ.

ಕೆಳಗೆ ಹನ್ನೆರಡು ಜನರೂ ಉಸಿರು ತೆಗೆದುಕೊಂಡರು.

ಹಗ್ಗ ನನ್ನ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಓಡಿತು. ರಾಟೆ ಚೀರಿತು. ಗಂಟೆ ಹೋಗುವಾಗ ಒಂಟಿಯಾಗಿ ಹೋಗಲಿಲ್ಲ, ನನ್ನ ಕಾಲಕೆಳಗಿನ ಅಟ್ಟಣೆಯನ್ನೂ ಕರೆದುಕೊಂಡು ಹೋಯಿತು! ಕಣ್ಣು ಬಿಟ್ಟಾಗ ನಾನು ಗೋಪುರದ ಕಿಂಡಿಯಲ್ಲಿ ಬೋರಲು ಬಿದ್ದಿದ್ದೆ, ಕಾಲುಗಳು ಅರಬ್ಬೀ ಸಮುದ್ರದ ಕಡೆಗೆ ಜೋಲುತ್ತಿದ್ದವು. ಹೇಗೋ ಒಳಕ್ಕೆ ತೆವಳಿದೆ. ಹತ್ತಲು ಇಳಿಯಲು ಇದ್ದದ್ದು ಆ ಅಟ್ಟಣೆಯೊಂದೇ. ಈಗಲೂ ಕಚೇರಿಯ ಲಿಫ್ಟ್ ಇಳಿಯುವ ಸದ್ದು ಕೇಳಿದರೆ ಹತ್ತಿರದ ಕಂಬವನ್ನು ಅಪ್ಪಿಕೊಳ್ಳುತ್ತೇನೆ. ಕಂಬವಿಲ್ಲದಿದ್ದರೆ ಹೆಡ್‌ಕ್ಲಾರ್ಕನನ್ನು.

ಕೆಳಗೆ ಊರೆಲ್ಲ ಗಂಟೆಯ ಕಡೆಗೆ ಓಡಿತು. "ಒಡೆದಿಲ್ಲ! ಬಿರುಕೂ ಇಲ್ಲ!" ಎಂಬ ಜಯಘೋಷ. ಅದು ಮುಗಿದ ಮೇಲೆ ಲಾರೆನ್ಸನ ದನಿ: "ನೀವು ಇದ್ದೀರಾ ಮಾರಾಯ್ರೆ?"

"ಅದೀನಿ! ಇಳಿಯೋದು ಹ್ಯಾಂಗ?"

"ಅವನು ಅಲ್ಲೇ ಇರಲಿ. ಮೊದಲು ಗಂಟೆ" ಎಂದರು ಮಾರ್ಥಾ ಮಾವಶಿ.

ಅವರು ಸೆರಗು ಬಿಗಿದು, ಹೆಂಗಸರನ್ನೂ ಹಗ್ಗಕ್ಕೆ ಹಚ್ಚಿದರು. "ದೋಣಿ ಮರೆತುಬಿಡಿ. ಇದು ಬಲೆ, ತುಂಬ ಮೀನಿದೆ" ಎಂದರು. ಅಷ್ಟೇ! ಕಡಲಿನಿಂದ ಬಲೆ ಎಳೆಯುವಾಗ ಅವರು ಕೂಗುವುದಿಲ್ಲ, ಕೈ ಬಿಡುವುದೂ ಇಲ್ಲ. ಬಿಟ್ಟರೆ ಮೀನು ಹೋಯಿತು. ಹಗ್ಗ ಹಿಡಿದು ಎಲ್ಲರೂ ಹಿಂದಕ್ಕೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರು. ಗಂಟೆ ಸದ್ದಿಲ್ಲದೆ ಏರಿ ನನ್ನ ಮೂಗಿನೆದುರು ನಿಂತಿತು.

ಅದರ ಬಳೆಯನ್ನು ತೊಲೆಯ ಕೊಂಡಿಗೆ ಸಿಕ್ಕಿಸಲು ಮೇಲೆ ಇದ್ದವನು ನಾನೊಬ್ಬನೇ. ಕೆಳಗೆ ನೋಡದೆ ಕೈ ಚಾಚಿದೆ. ಮಾತು ಕೊಟ್ಟಿದ್ದೆನಲ್ಲ! ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಕೂತಿತು. ಗಂಟೆ ತೂಗಿತು, ಮೊಳಗಿತು. ಕೆಳಗೆ ಎಲ್ಲರೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕಣ್ಣು ಒದ್ದೆಯಾಯಿತು.

ಗಂಟೆಯಿಂದ ಬಿಚ್ಚಿದ ಹಗ್ಗವನ್ನು ನಾನು ಸೊಂಟಕ್ಕೆ ಬಿಗಿದುಕೊಂಡೆ. ಅವರು ಬಲೆಯ ಕ್ರಮದಲ್ಲಿಯೇ ನನ್ನನ್ನು ಇಳಿಸತೊಡಗಿದರು. ಅರ್ಧ ದಾರಿಯಲ್ಲಿ ಗಾಳಿಗೆ ಗಿರಗಿರನೆ ತಿರುಗುತ್ತಿದ್ದಾಗ ಮಾವಶಿ ಎರಡೂ ಕೈಗಳನ್ನು ಮೇಲೆತ್ತಿ ಓಡಿಬಂದರು.

"ಹಳೂ ಹಳೂ! ಜೋಪಾನ! ಬೀಳಿಸೀರಿ!"

ಈ ಪರವೂರಿನಲ್ಲಿ ನನಗೂ ಒಬ್ಬ ತಾಯಿ ಇದ್ದಾಳೆಂದು ತಿರುಗುತ್ತಲೇ ಕೈ ಮುಗಿದೆ.

"ಆ ಬದಿಗೆ ಬಿಡಬೇಡಿ!" ಎಂದು ಮಾವಶಿ ಕೂಗಿದರು. "ಅಲ್ಲಿ ಛಾವಣಿಯ ಹೊಸ ಹೆಂಚುಗಳಿವೆ!"