ಬಿಲ್ವಕ್ಕೆ ಗುಂಜೋಟಿಯ ಗೊಬ್ಬರ

ಉಮರ್ಗಾದ ಬಟ್ಟೆ ವ್ಯಾಪಾರಿ ಶಾಂತವೀರಪ್ಪನ ಅಂಗಳದಲ್ಲಿ ಬಿಲ್ವದ ಸಸಿ ಬಾಡಿದ್ದೇ ಎಲ್ಲಕ್ಕೂ ಮೂಲ. ಈ ಶ್ರಾವಣದಲ್ಲಿ ಮನೆಯ ಪತ್ರಿಯನ್ನೇ ಲಿಂಗಕ್ಕೆ ಏರಿಸುತ್ತೇನೆಂದು ಹೆಂಡತಿ ಮಾಣಿಕಬಾಯಿ ಓಣಿಗೆಲ್ಲ ಹೇಳಿಬಿಟ್ಟಿದ್ದಳು. ಶ್ರಾವಣ ಹತ್ತಿರ ಬಂದಿತ್ತು. ಸಸಿ ಮಾತ್ರ ದಿನದಿನಕ್ಕೆ ತಲೆ ಬಗ್ಗಿಸುತ್ತಿತ್ತು.

“ಆಡಿನ ಹಿಕ್ಕಿ ಗೊಬ್ಬರ ಹಾಕ್ರೀ, ಒಣಗಿದ ಗಿಡಾನೂ ಮದಿಮಗನಂಗ ಎದ್ದು ನಿಂದರ್ತದ,” ಎಂದಳು ಎದುರುಮನೆಯ ಶೇವಂತಾಬಾಯಿ.

ಆಡು ಸಾಕುವ ಕಾಶೆಪ್ಪ ಹತ್ತಿರದ ಹಳ್ಳಿ ಗುಂಜೋಟಿಯವನು, ಅಂಗಡಿಯ ಹಳೆಯ ಗಿರಾಕಿ. ಶಾಂತವೀರಪ್ಪ ಅವನ ಮನೆಗೇ ಹೋದ. ಅವನು ಒಣಗಿದ ಹಿಕ್ಕೆಯನ್ನು ಚೀಲದ ತುಂಬ ತುಂಬಿ, ಚಹಾ ಕುಡಿಸಿ, ಶಾಂತವೀರಪ್ಪನನ್ನು ಉಮರ್ಗಾಕ್ಕೆ ಹೊರಟ, ಜನ ತುಂಬಿದ ಟಮ್‌ಟಮ್ ಆಟೋ ಹತ್ತಿಸಿದ.

ಮೊದಲನೆಯ ಸ್ಪೀಡ್ ಬ್ರೇಕರಿಗೇ ಚೀಲದ ಹೊಟ್ಟೆ ಬಿರಿಯಿತು. ಹರಿದ ಮಣಿಸರದಂತೆ ಹಿಕ್ಕೆಗಳು ಎಲ್ಲರ ಕಾಲಡಿ ಓಡಾಡಿದವು. ಇನ್ನು ಬೈಗುಳ ಬಿತ್ತೆಂದು ಶಾಂತವೀರಪ್ಪ ಕಣ್ಣು ಮುಚ್ಚಿ ಕೂತ. ಯಾರೂ ಬಯ್ಯಲಿಲ್ಲ. ಒಬ್ಬ ಅಜ್ಜಿ ಸೆರಗಿನಿಂದ ಅವನ ಧೋತರ ಝಾಡಿಸಿದಳು. ಉಳಿದವರು ಬಗ್ಗಿ ಆರಿಸತೊಡಗಿದರು.

“ನಮ್ಮ ಕರಿಬೇವಿಗಿ ಒಂದೀಟು ತಗೊಳ್ಲೇನ್ರೀ, ಕಾಕಾ?”

“ತಗೋವ್ವಾ.”

“ನಮ್ಮ ಮಲ್ಲಿಗಿಗೀ?”

“ತಗೋರಿ, ತಗೋರಿ.”

ಇಲ್ಲ ಎನ್ನುವುದು ಆ ಮನುಷ್ಯನ ನಾಲಿಗೆಗೆ ಒಗ್ಗಿರಲಿಲ್ಲ. ಡ್ರೈವರನೂ ಊಟದ ಡಬ್ಬಿ ತುಂಬಿಕೊಂಡ.

ಓಣಿಯಲ್ಲಿ ಶೇವಂತಾಬಾಯಿ ಬುಟ್ಟಿ ಹಿಡಿದೇ ನಿಂತಿದ್ದಳು. “ಸಲಹಾ ಕೊಟ್ಟಾಕಿ ನಾ ಅಲ್ಲೇನ್ರೀ?”

ಕೊನೆಗೆ ಉಳಿದದ್ದು ಒಂದು ಮುಷ್ಟಿ. ಸಸಿ ಸಣ್ಣದು, ಇಷ್ಟೇ ಸಾಕೆಂದು ಸಮಾಧಾನ ಮಾಡಿಕೊಂಡು, ಅದನ್ನೇ ಪ್ರಸಾದದಂತೆ ಹಿಡಿದು ಮನೆ ಸೇರಿದ.

ಮಾಣಿಕಬಾಯಿ ಬಾಗಿಲಲ್ಲೇ ಹಿಗ್ಗಿ ನಿಂತಿದ್ದಳು. “ಕಾಶೆಪ್ಪ ಮೋಟರ್‌ಸೈಕಲ್ ಮ್ಯಾಲ ಬಂದು ಹೋದಾರೀ. ಈ ವಯಸ್ಸಿನಾಗ ನೀವು ಚೀಲಾ ಹೊತ್ತದ್ದು ನೋಡಿ ಅವಂಗ ಭಾಳ ಕೆಟ್ಟ ಅನಸ್ತಂತ. ದಿನಾ ಮನ್ಯಾಗೇ ಗೊಬ್ಬರ ಸಿಗಲಿ ಅಂತ ಒಂದು ಆಡೇ ಕೊಟ್ಟು ಹೋಗ್ಯಾನ. ಎಂಥಾ ದೊಡ್ಡ ಮನಸು!”

“ಎಲ್ಲಿ ಕಟ್ಟ್ಯಾನ?”

“ಗಿಡದ ಬಾಜೂಕ್ಕೇ. ಗೊಬ್ಬರ ಸೀದಾ ಬುಡಕ್ಕ ಬೀಳ್ಲಿ ಅಂತ.”

ಶಾಂತವೀರಪ್ಪ ಅಂಗಳಕ್ಕೆ ಓಡಿದ. ಬುಡದ ಸುತ್ತ ಹಿಕ್ಕೆ ಧಾರಾಳವಾಗಿ ಬಿದ್ದಿತ್ತು. ನಡುವೆ ಗೇಣುದ್ದದ ಒಂದು ಬೋಳು ಕಡ್ಡಿ. ಆಡು ಕಡೆಯ ಪತ್ರಿಯನ್ನು ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ ಅಗಿಯುತ್ತಿತ್ತು.

ಅಷ್ಟರಲ್ಲಿ ಕಾಶೆಪ್ಪನ ಫೋನು ಬಂತು: “ಸಾವ್ಕಾರ, ಗೊಬ್ಬರ ಸಾಲ್ತದ ಇಲ್ಲೋ? ಸಂಕೋಚ ಮಾಡಬ್ಯಾಡ್ರೀ, ಇನ್ನೊಂದು ಆಡು ತರ್ತೀನಿ!”