ಷಡ್ಡಕನ ಪಕ್ಕದ ಸೀಟು

ನನ್ನ ಬಲಗಾಲಿನ ಮೂಳೆ ಮುರಿದದ್ದು ಗುಂಡಿಗೆ ಬಿದ್ದು ಅಂತ ಡಾಕ್ಟರು ಹೇಳುತ್ತಾರೆ. ಅದು ವೈದ್ಯಕೀಯ ಸತ್ಯ. ಅಸಲಿ ಸತ್ಯ ಏನೆಂದರೆ, ಅದು ಮುರಿದದ್ದು ನನ್ನ ಷಡ್ಡಕನಿಂದ.

ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. (ನನ್ನ ಮಟ್ಟಿಗೆ, ಹೆಂಡತಿ ನನ್ನನ್ನು ಅಳೆಯುವುದಕ್ಕೆ ಇಟ್ಟುಕೊಂಡಿರುವ ಅಳತೆಗೋಲು.) ಈ ಮಹಾನುಭಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ನನಗಿಂತ ವಯಸ್ಸಿನಲ್ಲಿ ಹಿರಿಯ, ನೋಡುವವರ ಕಣ್ಣಿಗೆ ಕಿರಿಯ. ನನ್ನ ಹೆಂಡತಿಯ ಬಾಯಲ್ಲಿ ದಿನಕ್ಕೆ ಒಂದು ಸಲವಾದರೂ "ಭಾವನ್ನ ನೋಡಿ" ಅನ್ನುವ ಮಾತು ಬಾರದಿದ್ದರೆ ಅವಳಿಗೆ ಅವತ್ತು ತಿಂದದ್ದು ಅರಗುವುದಿಲ್ಲ.

"ಭಾವನ್ನ ನೋಡಿ, ಬೆಳಗ್ಗೆ ಎದ್ದು ಹೇಗೆ ಓಡ್ತಾರೆ!"

"ಓಡ್ಲಿ ಬಿಡೆ. ಕಾರು ಕಲಿಯೋಕೆ ಬಂದವರು ಗುದ್ದಿಬಿಟ್ಟಾರು ಅಂತ ಅಭ್ಯಾಸ ಮಾಡ್ಕೋತಿರಬೇಕು."

ನನ್ನದು ಕನ್ನಡಕದ ಅಂಗಡಿ. ಊರಿನವರ ದೃಷ್ಟಿದೋಷವನ್ನೆಲ್ಲ ತಿದ್ದುವವನು ನಾನು. ಆದರೆ ಹೆಂಡತಿಯ ದೃಷ್ಟಿಕೋನವನ್ನು ತಿದ್ದುವ ಗಾಜನ್ನು ಇನ್ನೂ ಯಾವ ಪುಣ್ಯಾತ್ಮನೂ ತಯಾರಿಸಿಲ್ಲ.

ಕಳೆದ ತಿಂಗಳು ಪೈಪು ಹಾಕುವವರು ನಮ್ಮ ಅಂಗಡಿಯ ಮುಂದೆ ಉದ್ದಕ್ಕೂ ಕಾಲುವೆ ತೋಡಿ, ದಾಟಲು ಒಂದು ಹಲಗೆ ಇಟ್ಟು ಮಾಯವಾಗಿದ್ದರು. ನಾನು ಆ ಹಲಗೆಯ ಮೇಲೆ ಮದುವೆ ಹೆಣ್ಣಿನ ಹಾಗೆ ಹೆಜ್ಜೆ ಹೆಜ್ಜೆ ನೋಡಿಕೊಂಡು ಓಡಾಡುತ್ತಿದ್ದೆ. ಒಂದು ಸಂಜೆ ಹೆಂಡತಿ ಅಂಗಡಿಯಲ್ಲಿದ್ದಾಗ ಷಡ್ಡಕ ಬಂದ. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಒಂದೇ ನೆಗೆತ! ಆ ದಡದಿಂದ ಈ ದಡಕ್ಕೆ. ಬಂದವನೇ ಜೇಬಿನಿಂದ ನಾಲ್ಕು ಟಿಕೆಟ್ ತೆಗೆದು ಬೀಸಿದ.

"ಭಾನುವಾರ ಥೀಮ್ ಪಾರ್ಕಿಗೆ! ನಾವಿಬ್ಬರು, ನೀವಿಬ್ಬರು."

ಹೆಂಡತಿ ಟಿಕೆಟ್ ನೋಡಲಿಲ್ಲ, ಕಾಲುವೆ ನೋಡಿದಳು. "ಅಬ್ಬಬ್ಬಾ ಭಾವ! ಈ ವಯಸ್ಸಲ್ಲೂ ಏನು ಚುರುಕು ನಿಮ್ಮದು! ನಮ್ಮವರು ಹಲಗೆ ಮೇಲೆ ನಡೆಯೋಕೂ ನನ್ನ ಕೈ ಹಿಡ್ಕೋತಾರೆ."

ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಅವನನ್ನು ಬೀಳ್ಕೊಡುವ ನೆಪದಲ್ಲಿ ಹೊರಗೆ ಬಂದೆ. ಪಂಚೆ ಮೇಲೆ ಕಟ್ಟಿದೆ. ಹೆಂಡತಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡೆ. ನೆಗೆದೆ.

ನೆಗೆತದ ಮೊದಲರ್ಧ ಬಹಳ ಚೆನ್ನಾಗಿತ್ತು ಅಂತ ಎದುರಿನ ಬೇಕರಿಯವನು ಇವತ್ತಿಗೂ ಹೇಳುತ್ತಾನೆ.

ಕಾಲುವೆಯಿಂದ ನನ್ನನ್ನು ಮೇಲೆತ್ತಿದವನು ಷಡ್ಡಕ. ಅಂಗಡಿಯ ಸ್ಕೇಲು, ಕನ್ನಡಕ ಒರೆಸುವ ಬಟ್ಟೆ ಸೇರಿಸಿ ಕಾಲಿಗೆ ಕಟ್ಟಿದವನು ಷಡ್ಡಕ. ಆಸ್ಪತ್ರೆಗೆ ಕಾರು ಓಡಿಸಿದವನೂ ಅವನೇ. "ಭಾವ ಇಲ್ದೇ ಇದ್ದಿದ್ರೆ ಏನು ಗತಿ!" ಅಂತ ಹೆಂಡತಿ ದಾರಿಯುದ್ದಕ್ಕೂ ಕಣ್ಣೀರಿಟ್ಟಳು. ಅವನು ಇಲ್ಲದೇ ಇದ್ದಿದ್ದರೆ ನಾನು ನೆಗೆಯುತ್ತಲೇ ಇರಲಿಲ್ಲ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಕಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಬಿತ್ತು. ಕಾಲು ಊರಬಾರದು, ನೀರು ತಾಗಿಸಬಾರದು ಅಂತ ಅಪ್ಪಣೆಯಾಯಿತು.

"ಪಾರ್ಕು ಗೀರ್ಕು ಎಲ್ಲಾ ಕ್ಯಾನ್ಸಲ್. ನಾನೂ ಹೋಗಲ್ಲ" ಅಂದಳು ಹೆಂಡತಿ.

ಇದಲ್ಲವೇ ಪತಿಭಕ್ತಿ ಅಂತ ನಾನು ಎದೆಯುಬ್ಬಿಸುವಷ್ಟರಲ್ಲಿ ಷಡ್ಡಕ, "ಛೆ, ಅವನನ್ನೂ ಕರ್ಕೊಂಡು ಹೋಗೋಣ. ಅಲ್ಲಿ ಗಾಲಿಕುರ್ಚಿ ಕೊಡ್ತಾರೆ. ಪಾಪ, ಮನೇಲಿ ಕೂತು ಏನು ಮಾಡ್ತಾನೆ?" ಅಂದ. ಆ "ಪಾಪ" ಇದೆಯಲ್ಲ, ಅದು ಮುರಿದ ಮೂಳೆಗಿಂತ ಜೋರಾಗಿ ನೋಯಿತು.

ಭಾನುವಾರ ಬಂತು. ಪಾರ್ಕಿನ ಬಾಗಿಲಲ್ಲಿ ಷಡ್ಡಕ ನಾಲ್ವರಿಗೂ ಒಂದೇ ಥರದ ಕೆಂಪು ಟೋಪಿ ಕೊಡಿಸಿದ. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಾನೇ ತಳ್ಳಿದ. ತಳ್ಳುವುದು ಅಂದರೇನು! ತಿರುವಿನಲ್ಲಿ ಕೈ ಚಾಚಿ ಸಿಗ್ನಲ್ ತೋರಿಸುವುದು, ಬಾಯಲ್ಲೇ ಹಾರನ್ ಹೊಡೆಯುವುದು, ಹಿಂದಕ್ಕೆ ಎಳೆಯುವಾಗ "ಕನ್ನಡಿ ನೋಡ್ಕೋಬೇಕು, ಕನ್ನಡಿ" ಅಂತ ನನಗೇ ಪಾಠ ಹೇಳುವುದು. ನನ್ನ ಹೆಂಡತಿ, ಅವಳ ಅಕ್ಕ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರಿಗೆ ಬಂದವರೂ ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಅದೇ ಹಲ್ಲು ಕಡಿಯುತ್ತಿದ್ದೆ.

ಮೊದಲು ಸಿಕ್ಕಿದ್ದು ಆಕಾಶಕ್ಕೆ ಏರಿ ತಲೆಕೆಳಗಾಗುವ ದೊಡ್ಡ ತೊಟ್ಟಿಲು. ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, "ನನಗೆ ತಲೆ ಸುತ್ತುತ್ತೆ" ಅಂತ ನನ್ನ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು. ಉಳಿದವರು ಇಬ್ಬರು.

"ನೀವು ಹೋಗಿಬನ್ನಿ ಭಾವ, ನಾನು ಇವರ ಜೊತೆ ಇರ್ತೀನಿ" ಅಂದಳು ಹೆಂಡತಿ.

"ಹೋಗು ಹೋಗು" ಅಂದೆ ನಾನು. "ನನ್ನಿಂದ ನಿನ್ನ ಖುಷಿ ಯಾಕೆ ಹಾಳಾಗ್ಬೇಕು? ನನಗೇನೂ ಬೇಜಾರಿಲ್ಲ."

(ಗಂಡ ಹೀಗಂದರೆ "ಹೋಗಬೇಡ" ಅಂತ ಅರ್ಥ. ಇದು ಯಾವ ಹೆಂಡತಿಗೂ ಗೊತ್ತಿರಬೇಕಾದ ಪ್ರಾಥಮಿಕ ವ್ಯಾಕರಣ.)

"ನಿಜವಾಗ್ಲೂ ಬೇಜಾರಿಲ್ವಾ?"

"ಹೋಗೇ ಅಂದ್ನಲ್ಲ!"

ಹೋದಳು! ಹೋಗುವ ಮುಂಚೆ ಕನ್ನಡಕ ಬಿಚ್ಚಿ ನನ್ನ ಕೈಗಿತ್ತಳು, ಮೇಲೆ ಹಾರಿಹೋದೀತು ಅಂತ. ಆ ಕನ್ನಡಕ ನಾನೇ ಮಾಡಿಕೊಟ್ಟದ್ದು. ಅದಿಲ್ಲದಿದ್ದರೆ ಅವಳಿಗೆ ಬಸ್ಸಿಗೂ ಬೀರುವಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಷಡ್ಡಕ ಅವಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ. ನನ್ನ ತೊಡೆಯ ಮೇಲೆ ಎಲ್ಲರ ಚೀಲ, ಚಪ್ಪಲಿ, ನೀರಿನ ಬಾಟಲಿ.

ನಾನೇನು ಸುಮ್ಮನೆ ಬಂದಿರಲಿಲ್ಲ. ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ದುರ್ಬೀನು ಜೇಬಿನಲ್ಲಿತ್ತು. ಅದನ್ನು ಕಣ್ಣಿಗೇರಿಸಿದೆ. ತೊಟ್ಟಿಲು ಮೇಲಕ್ಕೆ ಹೋಯಿತು. ಕಂಡಿತು! ನನ್ನ ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ, ಕಿರುನಾಲಗೆ ಕಾಣುವ ಹಾಗೆ ನಗುತ್ತಿದ್ದಾಳೆ. ಒಂದು ಕೈಯಲ್ಲಿ ಷಡ್ಡಕನ ತೋಳಿನ ಬಟ್ಟೆ ಗಟ್ಟಿಯಾಗಿ ಹಿಡಿದಿದ್ದಾಳೆ.

ಮದುವೆಯಾದಾಗಿನಿಂದ ನಾನು ಎಷ್ಟು ಜೋಕು ಹೇಳಿದ್ದೇನೆ! ಆ ಬಾಯಿ ಒಂದು ಸಲವಾದರೂ ಎರಡು ಬೆರಳಿಗಿಂತ ಹೆಚ್ಚು ತೆರೆದದ್ದು ನಾನು ಕಂಡಿಲ್ಲ. ಈಗ ಅದರಲ್ಲಿ ಒಂದು ತೆಂಗಿನಕಾಯಿ ಹಿಡಿಸುತ್ತಿತ್ತು.

"ಅತ್ತಿಗೆ, ನೋಡಿ, ನೋಡಿ!" ದುರ್ಬೀನು ಅವರ ಕೈಗೆ ತುರುಕಿದೆ.

ಅವರು ನೋಡಿದರು. "ಆ ಕಡೆ ಐಸ್‌ಕ್ರೀಮ್ ಅಂಗಡಿ ಇದೆ ಕಣ್ರಿ. ತರ್ಲಾ?"

"ನಿಮ್ಮ ಯಜಮಾನರು ಕಾಣ್ಲಿಲ್ವಾ?"

"ಅವರನ್ನ ದಿನಾ ನೋಡ್ತೀನಿ. ನಿಮಗೆ ಯಾವುದು ಬೇಕು, ಚಾಕೊಲೇಟಾ, ಮಾವಿನದ್ದಾ?"

ಇಂಥವರ ಮುಂದೆ ಹೊಟ್ಟೆಕಿಚ್ಚು ತೋಡಿಕೊಂಡು ಏನು ಪ್ರಯೋಜನ? ಅವರಿಬ್ಬರು ಇಳಿದು ಬಂದರು. ಹೆಂಡತಿಯ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು.

"ಹೇಗಿತ್ತು?" ಅಂದೆ.

"ಚೆನ್ನಾಗಿತ್ತು" ಅಂದಳು. ಅಷ್ಟೆ. ವಿವರ ಇಲ್ಲ! ನನ್ನಿಂದ ಮುಚ್ಚಿಡುತ್ತಿದ್ದಾಳೆ.

"ಮುಂದಿನದು ದೋಣಿ!" ಅಂತ ಷಡ್ಡಕ ಘೋಷಿಸಿದ. ಎತ್ತರದ ಗುಡ್ಡದ ಮೇಲಿಂದ ಕೆಳಗಿನ ಕೊಳಕ್ಕೆ ಧುಮುಕುವ ದೋಣಿ ಅದು. ಸಾಲಿಗೆ ಇಬ್ಬರಂತೆ ಅಕ್ಕಪಕ್ಕ ಕೂರಬೇಕು. ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಹೋಗ್ಲಾ?"

"ಧಾರಾಳವಾಗಿ!" ಅಂದೆ. ಆ "ಧಾರಾಳ"ದಲ್ಲಿ ಬರೀ ಬೆಂಕಿಯಿತ್ತು. ಅವಳಿಗೆ ತಾಗಲೇ ಇಲ್ಲ. ಕನ್ನಡಕ ನನ್ನ ಬಳಿಯೇ ಬಿಟ್ಟು ಹೊರಟಳು.

ಅವರು ಹೊರಟ ಕೂಡಲೇ ನಾನು ಅತ್ತಿಗೆಯನ್ನು ಐಸ್‌ಕ್ರೀಮಿಗೆ ಅಟ್ಟಿದೆ. ಪ್ಲಾಸ್ಟರ್ ಮೇಲೆ ಪ್ಲಾಸ್ಟಿಕ್ ಚೀಲ ಎಳೆದು, ಅದರ ಮೇಲೆ ಅತ್ತಿಗೆಯ ಶಾಲು ಸುತ್ತಿದೆ. ಗಾಲಿಕುರ್ಚಿಗೆ ಒರಗಿಸಿಟ್ಟಿದ್ದ ಊರುಗೋಲು ಹಿಡಿದು ಎದ್ದೆ. ಮೆಟ್ಟಿಲು ಹತ್ತಲಾಗದವರಿಗೆ ಅಂತ ಬೇರೆ ದಾರಿಯಿತ್ತು, ಲಿಫ್ಟೂ ಇತ್ತು. ಅದು ನೆಟ್ಟಗೆ ಮೇಲಿನ ದೋಣಿಕಟ್ಟೆಗೇ ಹೋಗುತ್ತಿತ್ತು. ಅಲ್ಲಿದ್ದ ಕಾವಲುಗಾರ ನನ್ನ ಕಾಲನ್ನು ದಿಟ್ಟಿಸಿದ.

"ಏನ್ ಸಾರ್ ಇದು?"

"ಕಾಲುಚೀಲ."

"ಒಂದೇ ಕಾಲಿಗಾ?"

"ಇನ್ನೊಂದು ಒಗೆಯೋಕೆ ಹಾಕಿದೆ."

ಅವನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಹಿಂದಿನವರು ನೂಕಿದರು. ದೋಣಿಯ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಒಬ್ಬಳೇ ಕೂತಿದ್ದಳು. ಷಡ್ಡಕ ಗಡಿಯಾರ, ಪರ್ಸು ಲಾಕರಿನಲ್ಲಿಡಲು ಆ ಕಡೆ ಹೋಗಿದ್ದ. ಊರುಗೋಲು ಅಲ್ಲೇ ಒಗೆದು, ಟೋಪಿ ಮುಂದಕ್ಕೆಳೆದು, ಅವಳ ಪಕ್ಕದ ಸೀಟಿನಲ್ಲಿ ಧೊಪ್ಪನೆ ಕೂತೆ. ತೊಡೆಯ ಮೇಲೆ ತಡೆಕಂಬಿ ಬಿತ್ತು. ದೋಣಿ ಹೊರಟಿತು.

ಏದುಸಿರಿಗೆ ಮಾತೇ ಹೊರಡಲಿಲ್ಲ. ಅವಳೇ ಶುರುಮಾಡಿದಳು.

"ಭಾವ, ಇದೇ ಕೊನೆ. ಇನ್ನು ನನ್ನನ್ನ ಕರೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕನ್ನಡಕವಿಲ್ಲದ ಕಣ್ಣಿಗೆ ಕೆಂಪು ಟೋಪಿ ಅಂದರೆ ಭಾವ! ನಾನು ಕೆಮ್ಮಿದೆ. ಉಸಿರು ವಾಪಸ್ಸು ಬಂದಿತ್ತು. ಆದರೆ ಕೇಳುವ ಆಸೆಗೆ ಬಾಯಿ ಮುಚ್ಚಿಕೊಂಡೆ.

"ಆ ತೊಟ್ಟಿಲಲ್ಲೇ ನನ್ನ ಜೀವ ಹೋಗಿತ್ತು. ಎಷ್ಟು ಕಿರುಚಿದೆ ನೋಡಿದ್ರಲ್ಲ? ನಿಮ್ಮ ತೋಳಿನ ಬಟ್ಟೆ ಹರಿದೇ ಹೋಯ್ತು. ಬರಲ್ಲ ಅಂದ್ರೆ ಇವರು ನೊಂದ್ಕೋತಾರೆ. 'ನನ್ನಿಂದ ನಿನ್ನ ಖುಷಿ ಯಾಕೆ ಹಾಳಾಗ್ಬೇಕು' ಅಂತ ಬಾಯಿ ಬಿಟ್ಟು ಹೇಳಿದ್ರು ಪಾಪ. ಅದಕ್ಕೇ ಬಂದೆ. ನನಗೆ ಇವರ ಪಕ್ಕ ಆ ಬೆಂಚಲ್ಲಿ ಕೂತು ಹರಟೆ ಹೊಡೆಯೋದಷ್ಟೇ ಸಾಕಿತ್ತು."

ಅಯ್ಯೋ ನನ್ನ ಬಂಗಾರವೇ! ನಗು ಅಂದುಕೊಂಡದ್ದು ಕಿರುಚಾಟವೇ? ನನ್ನ ಹೊಟ್ಟೆಯ ಒಲೆ ಒಂದೇ ಕ್ಷಣದಲ್ಲಿ ಆರಿತು. ಈ "ಪಾಪ" ಎಷ್ಟು ಸಿಹಿಯಾಗಿತ್ತು! "ಲೇ, ನಾನೇ ಕಣೆ" ಅನ್ನಲು ಬಾಯಿ ತೆರೆದೆ.

ಆಗ ದೋಣಿ ಧುಮುಕಿತು.

ಅವಳು "ರೀ...!" ಅಂತ ಕೂಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಭಾವ ಅನ್ನಲಿಲ್ಲ, ರೀ ಅಂದಳು! ಆ ಆನಂದದಲ್ಲಿ ನನಗೆ ಭಯವೂ ಆಗಲಿಲ್ಲ. ಆಮೇಲೆ ಕೊಳದ ಅರ್ಧ ನೀರು ನಮ್ಮ ಮೇಲೆ ಬಿತ್ತು. ದೋಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಪ್ಲಾಸ್ಟಿಕ್ ಚೀಲ ಬಾಯಿ ತೆರೆದು ಎಲ್ಲವನ್ನೂ ಒಳಗೆ ಬರಮಾಡಿಕೊಂಡಿತು.

ದಡ ಮುಟ್ಟಿದಾಗ ಹೆಂಡತಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

"ರೀ! ನೀವಾ! ಈ ಕಾಲಲ್ಲಾ?"

"ಹೌದು ಕಣೆ. ನಿನ್ನ ಮಾತೆಲ್ಲಾ ಕೇಳಿಸ್ಕೊಂಡೆ" ಅಂದೆ ಅಕ್ಕರೆಯಿಂದ.

"ಕೇಳಿಸ್ಕೊಂಡ್ರಾ? ಸುಮ್ನೆ ಕೂತು ಕೇಳಿಸ್ಕೊಂಡ್ರಾ? ನಾನು ಸಾಯ್ತಾ ಇದ್ದೀನಿ, ನೀವು ಕಿವಿ ಕೊಟ್ಟು ಕೂತಿದ್ರಾ? ಯಾಕ್ರೀ ಬಂದ್ರಿ?"

"ಭಾವನ ಪಕ್ಕ ನೀನು..." ಅಂತ ಶುರುಮಾಡಿ ನಿಲ್ಲಿಸಿದೆ. ತಡವಾಗಿತ್ತು. ಅವಳಿಗೆ ಅರ್ಥವಾಯಿತು. ಅವಳ ಕಣ್ಣಿಗೆ ಕಾಣುವುದು ಕಡಿಮೆ, ತಲೆಗೆ ಹೊಳೆಯುವುದು ಬಹಳ.

"ಥೂ ನಿಮ್ಮ!" ಅಂದಳು. ಆಮೇಲೆ ಕಾಲಿನ ಕಡೆ ಬಗ್ಗಿ ನೋಡಿ ಅಳತೊಡಗಿದಳು. ಪ್ಲಾಸ್ಟರ್ ಗಂಜಿಯಾಗಿ ಹರಿಯುತ್ತಿತ್ತು. ದೋಣಿ ಧುಮುಕುವಾಗ ಎರಡೂ ಕಾಲು ಊರಿದ್ದರಿಂದ ಕೂಡಿಕೊಳ್ಳುತ್ತಿದ್ದ ಮೂಳೆ ಮತ್ತೆ ಜಾಗ ಬಿಟ್ಟಿತ್ತು. ಅಷ್ಟರಲ್ಲಿ ಮೇಲಿನಿಂದ ಓಡಿಬಂದ ಷಡ್ಡಕ ಬಟ್ಟೆ ಸಮೇತ ನೀರಿಗೆ ಹಾರಿ ನನ್ನನ್ನು ಎತ್ತಿಕೊಂಡ. ಸುತ್ತಲಿದ್ದವರು ಅವನಿಗೆ ಚಪ್ಪಾಳೆ ತಟ್ಟಿದರು.

ಈ ಸಲದ ಪ್ಲಾಸ್ಟರ್ ಪಾದದಿಂದ ತೊಡೆಯವರೆಗೆ. ನಮ್ಮ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಆದ್ದರಿಂದ ನಾವಿಬ್ಬರೂ ಸದ್ಯ ವಾಸವಾಗಿರುವುದು ನೆಲಮಹಡಿಯ ಮನೆಯೊಂದರಲ್ಲಿ. ಮನೆ ಯಾರದೆಂದು ಹೇಳಬೇಕೆ?

ದಿನವೂ ಬೆಳಗ್ಗೆ ಷಡ್ಡಕ ನನ್ನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ಯುತ್ತಾನೆ. ಹೆಂಡತಿ ಪಕ್ಕದಲ್ಲೇ ಬರುತ್ತಾಳೆ. "ಜೋಪಾನ ಭಾವ, ನಿಮ್ಮ ಸೊಂಟ ಜೋಪಾನ. ಇವರು ನೋಡೋಕೆ ಸಣ್ಣಗಿದ್ದಾರೆ ಅಷ್ಟೆ, ಭಾರ ಜಾಸ್ತಿ."

ಆದರೆ ನಿನ್ನೆ ನನಗೊಂದು ಅದೃಷ್ಟ ಖುಲಾಯಿಸಿತು. ಬೆನ್ನ ಮೇಲೆ ಕೂತವನಿಗೆ ಷಡ್ಡಕನ ನೆತ್ತಿ ಕಣ್ಣೆದುರಿಗೇ ಇತ್ತು. ವೃತ್ತಿಯಿಂದ ಬಂದ ನನ್ನ ತೀಕ್ಷ್ಣ ದೃಷ್ಟಿಗೆ ಕೂದಲ ಬುಡ ಕಂಡಿತು. ಬಿಳಿ! ಅಪ್ಪಟ ಬಿಳಿ! ಮೇಲಿದ್ದದ್ದೆಲ್ಲ ಬಣ್ಣ! ಅವನು ನನ್ನನ್ನು ಇಳಿಸಿ ಆಚೆ ಹೋದದ್ದೇ ತಡ, ಹೆಂಡತಿಯ ಕೈ ಎಳೆದು ಕಿವಿಯಲ್ಲಿ ಹೇಳಿದೆ.

"ನೋಡ್ದ್ಯೇನೇ? ನಿನ್ನ ಭಾವ ಕೂದಲಿಗೆ ಬಣ್ಣ ಹಚ್ತಾನೆ! ಬುಡ ಎಲ್ಲಾ ಬೆಳ್ಳಗಿದೆ. ಮುದುಕ ಕಣೆ, ಮುದುಕ!"

ಅವಳು ಕನ್ನಡಕ ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಹೌದೇನ್ರಿ? ಅಷ್ಟೊಂದು ವಯಸ್ಸಾಗಿದ್ಯಾ? ಆದ್ರೂ ದಿನಾ ನಿಮ್ಮನ್ನ ಹೊರ್ತಾರಲ್ರೀ!"

ಬಚ್ಚಲ ಬಾಗಿಲು ಹಾಕಿಕೊಂಡೆ.